ವೈಶಾಖದ ಬಿಸಿಲೂ ನಮ್ಮ ಹೊಣೆಯೂ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಮನೆಮಂದಿಯ ಆರೋಗ್ಯ, ಆಹಾರ ನಿಯಮ, ಮಕ್ಕಳ ಪಾಲನೆ ಮುಂತಾದ ವಿಷಯಗಳನ್ನು ಕುರಿತು ವಿಚಾರ ಮಾಡುತ್ತ ಬಂದಿದ್ದೇವೆ. ಈ ತಿಂಗಳು ಕಣ್ಣಾರೆ ಕಂಡ ಒಂದು ಘಟನೆಯಿಂದ ಆರಂಭಿಸಬೇಕೆಂದು ಮನಸ್ಸು ಹೇಳುತ್ತಿದೆ.

2024ರ ಏಪ್ರಿಲ್ ತಿಂಗಳು. ಕಲಬುರಗಿ ಜಿಲ್ಲೆಯ ಒಂದು ಊರಿನಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಅಕ್ಷತೆಯ ವೇಳೆ ಮಧ್ಯಾಹ್ನ ಹನ್ನೆರಡೂ ಮೂವತ್ತೈದು. ಕಲ್ಯಾಣ ಮಂಟಪದೊಳಗೆ ಪಂಖಗಳು ತಿರುಗುತ್ತಿದ್ದವು. ಬಂದವರಿಗೆ ತಂಪು ಪಾನೀಯದ ಉಪಚಾರ ನಡೆದಿತ್ತು. ಅಕ್ಷತೆ ಬಿದ್ದು, ಮೊದಲ ಪಂಕ್ತಿ ಊಟಕ್ಕೆ ಕುಳಿತಿತ್ತಷ್ಟೆ, ಹಿಂಭಾಗದಿಂದ ಒಂದು ಕೂಗು ಕೇಳಿಬಂತು. ತಗಡಿನ ಚಪ್ಪರದ ಕೆಳಗೆ, ಆರು ಒಲೆಗಳ ಮುಂದೆ, ನಸುಕಿನ ನಾಲ್ಕು ಗಂಟೆಯಿಂದ ನಿಂತೇ ಇದ್ದ ಅಡುಗೆಯವರು ಕುಸಿದುಬಿದ್ದಿದ್ದರು. ಐವತ್ತೈದರ ಆಸುಪಾಸಿನ ವಯಸ್ಸು. ಮುಟ್ಟಿದರೆ ಮೈ ಕೆಂಡದಂತೆ ಸುಡುತ್ತಿತ್ತು. ಮಾತು ತೊದಲುತ್ತಿತ್ತು. ಪಕ್ಕದಲ್ಲಿ ಕುಳಿತು ಅಳುತ್ತಿದ್ದ ಮಗನನ್ನು ಅವರು ಗುರುತಿಸಲಿಲ್ಲ.

ಸುತ್ತಲೂ ಜನ ಸೇರಿತು. ಒಬ್ಬರು ಫಿಟ್ಸ್ ಬಂದಿದೆಯೆಂದು ಕೈಯಲ್ಲಿ ಬೀಗದ ಕೈ ಹಿಡಿಸಿದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಮತ್ತೊಬ್ಬರು ಬಾಯಿಗೆ ಶರಬತ್ತು ಹಾಕಲು ಹೊರಟರು. ಅಷ್ಟರಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾಗಿದ್ದ ಒಬ್ಬ ತಾಯಿ ಪಂಕ್ತಿಯಿಂದ ಎದ್ದು ಬಂದರು. "ಬಾಯಾಗ ಏನೂ ಹಾಕಬ್ಯಾಡ್ರಿ, ಮೈಮ್ಯಾಗ ನೀರು ಹಾಕ್ರಿ!" ಎಂದು ಗದರಿದರು. ಅವರನ್ನು ಎತ್ತಿ ಬೇವಿನ ಮರದ ನೆರಳಿಗೆ ಒಯ್ಯಿಸಿದರು, ಅಂಗಿ ಬಿಚ್ಚಿಸಿದರು, ಕೊಡಗಟ್ಟಲೆ ನೀರು ಸುರಿಸಿದರು, ಒದ್ದೆ ಪಂಚೆ ಹೊದಿಸಿ, ನಾಲ್ಕು ಜನ ಯುವಕರಿಂದ ರಟ್ಟು ಹಿಡಿದು ಗಾಳಿ ಬೀಸಿಸಿದರು. ತಾಲ್ಲೂಕಿನ ಆಸ್ಪತ್ರೆ ತಲಪಲು ಮುಕ್ಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ವಾಹನದಲ್ಲಿಯೂ ಮೈಗೆ ನೀರು ಹಾಕುತ್ತಲೇ ಹೋದರು. ಅಡುಗೆಯವರು ಬದುಕಿ ಉಳಿದರು. ಆ ಮೊದಲ ಹತ್ತು ನಿಮಿಷಗಳಲ್ಲಿ ಮೈ ತಂಪುಮಾಡದೆ ಇದ್ದಿದ್ದರೆ ಆಸೆ ಇರುತ್ತಿರಲಿಲ್ಲವೆಂದು ವೈದ್ಯರು ಹೇಳಿದರಂತೆ.

ಎಂಟು ದಿನಗಳ ಮೇಲೆ ಅವರನ್ನು ನೋಡಲು ಹೋಗಿದ್ದೆ. "ನಡುವ ಒಂದೀಟು ನೀರು ಕುಡೀಬಾರದೇನ್ರಿ ಅಣ್ಣಾರ?" ಎಂದು ಕೇಳಿದೆ. ಅವರು ಸಂಕೋಚದಿಂದ ನಕ್ಕು, "ಕುಡಿಯಾಕ ಹೊತ್ತೆಲ್ಲಿತ್ರಿ ಅಕ್ಕಾರ? ಒಲಿ ಬಿಟ್ಟು ಹೋದ್ರ ಪಂಕ್ತಿಗಿ ತಡಾ ಆಗ್ತಿತ್ತು" ಎಂದರು.

ಆ ಪಂಕ್ತಿಯಲ್ಲಿ ಮೊದಲು ಕುಳಿತವರಲ್ಲಿ ನಾನೂ ಒಬ್ಬಳಾಗಿದ್ದೆ. ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಲೇಖನ ಆ ಮಾತಿಗೆ ಉತ್ತರ ಹುಡುಕುವ ಒಂದು ಪ್ರಯತ್ನ.

ಬಿಸಿಲು ದೇಹಕ್ಕೆ ಮಾಡುವುದೇನು?

ಮನುಷ್ಯನ ದೇಹವು ಹೊರಗೆ ಚಳಿಯಿರಲಿ ಸೆಕೆಯಿರಲಿ ಒಳಗಿನ ಉಷ್ಣಾಂಶವನ್ನು 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತದೆ. ಮೈ ಕಾದಾಗ ಹೃದಯವು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳುಹಿಸುತ್ತದೆ, ಬೆವರು ಒಸರುತ್ತದೆ, ಆ ಬೆವರು ಆವಿಯಾಗುವಾಗ ಮೈಯ ಬಿಸಿಯನ್ನು ತನ್ನೊಡನೆ ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಆದರೆ ಬೆವರಲು ಮೈಯಲ್ಲಿ ನೀರು ಬೇಕು. ನೀರು ಬತ್ತಿದರೆ ರಕ್ತ ಮಂದವಾಗುತ್ತದೆ, ಹೃದಯ ಬಳಲುತ್ತದೆ, ಮೂತ್ರಪಿಂಡಗಳಿಗೆ ಆಘಾತವಾಗುತ್ತದೆ. ಒಳಗಿನ ಉಷ್ಣಾಂಶ 40 ಡಿಗ್ರಿಯನ್ನು ಮುಟ್ಟಿ, ಬುದ್ಧಿ ಭ್ರಮಿಸಿ, ಮಾತು ತಪ್ಪಲು ಆರಂಭವಾದರೆ ಅದೇ ಉಷ್ಣಾಘಾತ. ಆಗ ಪ್ರತಿಯೊಂದು ನಿಮಿಷಕ್ಕೂ ಬೆಲೆಯಿದೆ.

ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆವಿಯಾಗದೆ ಮೈಮೇಲೆಯೇ ನಿಲ್ಲುತ್ತದೆ. ಆದ್ದರಿಂದಲೇ ಮಂಗಳೂರು, ಕಾರವಾರಗಳ 36 ಡಿಗ್ರಿಯು ಒಣಹವೆಯ ರಾಯಚೂರಿನ 40 ಡಿಗ್ರಿಯಷ್ಟೇ ಕಠಿಣವೆನಿಸಬಹುದು. ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಗುರುತಿಸಲು ಬಯಲುಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30 ಎಂದು ಬೇರೆ ಬೇರೆ ಮಿತಿಗಳನ್ನು ಇಟ್ಟುಕೊಂಡಿರುವುದು ಅರ್ಥಪೂರ್ಣವಾಗಿದೆ.

ಬಿಸಿಲು ಎಲ್ಲರನ್ನೂ ಸಮನಾಗಿ ಕಾಡುವುದಿಲ್ಲ. ವೃದ್ಧರಿಗೆ ಬಾಯಾರಿಕೆಯ ಅರಿವೇ ಕುಗ್ಗಿರುತ್ತದೆ. ಹಸುಗೂಸುಗಳು ಹೇಳಿಕೊಳ್ಳಲಾರವು. ಗರ್ಭಿಣಿಯರ ದೇಹಕ್ಕೆ ಇಮ್ಮಡಿ ಭಾರ. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರಿಗೂ, ನೀರು ಇಳಿಸುವ ಮಾತ್ರೆಗಳನ್ನು ಸೇವಿಸುವವರಿಗೂ ಅಪಾಯ ಹೆಚ್ಚು. ಇವರೆಲ್ಲರ ಜೊತೆಗೆ, ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಕಟ್ಟಡದ ಕೆಲಸದಲ್ಲಿ, ಒಲೆಯ ಮುಂದೆ ದುಡಿಯುವ ಗಟ್ಟಿಮುಟ್ಟಾದ ಆಳೂ ಅಪಾಯಕ್ಕೆ ಹೊರತಲ್ಲ. ರಾತ್ರಿಯೂ ಸೆಕೆ ಇಳಿಯದಿದ್ದರೆ ದೇಹಕ್ಕೆ ಸುಧಾರಿಸಿಕೊಳ್ಳಲು ಅವಕಾಶವೇ ದೊರೆಯದೆ, ಹಿಂದಿನ ದಿನದ ಬಳಲಿಕೆಯ ಮೇಲೆಯೇ ಮರುದಿನದ ಬಿಸಿಲು ಬೀಳುತ್ತದೆ.

"ಬಿಸಿಲು ಹೊಸದೇನು?" ಎಂಬ ಪ್ರಶ್ನೆ

ನಮ್ಮ ಹಿರಿಯರು ಆಗಾಗ ಕೇಳುವುದುಂಟು: ನಮ್ಮ ಸೀಮೆಗೆ ಬಿಸಿಲು ಹೊಸದೇನು? ನಮ್ಮ ಅಜ್ಜ ಮುತ್ತಜ್ಜಂದಿರು ಇದೇ ಬಿಸಿಲಿನಲ್ಲಿ ದುಡಿದು ಬಾಳಲಿಲ್ಲವೇ?

ಈ ಪ್ರಶ್ನೆ ಗೌರವಕ್ಕೆ ಯೋಗ್ಯವಾದುದು. ಉತ್ತರವನ್ನೂ ಪ್ರಾಮಾಣಿಕವಾಗಿಯೇ ಹೇಳಬೇಕು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲುಗಳನ್ನು ಉರಿಸುವುದರಿಂದಲೂ ಅರಣ್ಯನಾಶದಿಂದಲೂ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ವಾತಾವರಣದಲ್ಲಿ ಹೆಚ್ಚುತ್ತಿದೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಅದರ ಪ್ರಮಾಣ ಈಗ 420ನ್ನು ಮೀರಿದೆ. ಇದು ಭೂಮಿಗೆ ಹೊದಿಸಿದ ಕಂಬಳಿಯಂತೆ ಬಿಸಿಯನ್ನು ಹೊರಬಿಡದೆ ಹಿಡಿದಿಡುತ್ತದೆ. ಭಾರತದ ಸರಾಸರಿ ಉಷ್ಣಾಂಶವು 1901ರಿಂದ 2018ರ ಅವಧಿಯಲ್ಲಿ ಸುಮಾರು 0.7 ಡಿಗ್ರಿಯಷ್ಟು ಏರಿದೆಯೆಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ತಿಳಿಸಿದೆ. 1901ರಿಂದ ಲೆಕ್ಕವಿಟ್ಟ ವರ್ಷಗಳಲ್ಲಿ 2024 ನಮ್ಮ ದೇಶದ ಅತ್ಯಂತ ಬಿಸಿಯಾದ ವರ್ಷವೆನಿಸಿತು. ಅರ್ಧ, ಮುಕ್ಕಾಲು ಡಿಗ್ರಿ ಎಂದರೆ ಅಲ್ಪವೆಂದು ತೋರಬಹುದು. ಆದರೆ ಸರಾಸರಿ ಸ್ವಲ್ಪ ಏರಿದಾಗ, ತೀರ ವಿಪರೀತ ಬಿಸಿಯ ದಿನಗಳ ಸಂಖ್ಯೆ ಬಹಳವಾಗಿ ಏರುತ್ತದೆ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ನಮ್ಮ ಅಜ್ಜಂದಿರು ಕೋಳಿ ಕೂಗುವ ಹೊತ್ತಿಗೆ ಹೊಲಕ್ಕೆ ಹೋಗಿ, ಬಿಸಿಲೇರುವ ಮುನ್ನ ಮರದ ನೆರಳಿಗೆ ಬರುತ್ತಿದ್ದರು. ಇಳಿಹೊತ್ತಿನಲ್ಲಿ ಮತ್ತೆ ನೊಗ ಹೂಡುತ್ತಿದ್ದರು. ಅವರ ಮನೆಗಳಿಗೆ ಮೊಳಗಟ್ಟಲೆ ದಪ್ಪದ ಗೋಡೆ, ಮಣ್ಣಿನ ಮಾಳಿಗೆ ಇದ್ದವು. ಊರ ಮುಂದೆ ಅರಳಿಕಟ್ಟೆ, ದಾರಿಯಲ್ಲಿ ಅರವಟ್ಟಿಗೆ, ಬುತ್ತಿಯಲ್ಲಿ ಜೋಳದ ನುಚ್ಚು, ಮಜ್ಜಿಗೆ. ಅವರು ಬಿಸಿಲನ್ನು ಅಲಕ್ಷಿಸಿ ಬಾಳಲಿಲ್ಲ. ಬಿಸಿಲನ್ನು ಅರಿತು ಬಾಳಿದರು. ನಾವಾದರೋ ಮರ ಕಡಿದು, ಮಾಳಿಗೆ ಕೆಡವಿ ತಗಡು ಹೊದಿಸಿ, ಅಂಗಳಕ್ಕೆಲ್ಲ ಸಿಮೆಂಟು ಹಾಕಿ, ಮಧ್ಯಾಹ್ನ ಹನ್ನೆರಡೂವರೆಗೆ ಮದುವೆ ಮಾಡುತ್ತಿದ್ದೇವೆ. ಅಲ್ಲದೆ, ಅಂದು ಬಿಸಿಲಿಗೆ ಬಲಿಯಾದವರ ಲೆಕ್ಕವನ್ನು ಇಟ್ಟವರಾದರೂ ಯಾರು?

ಅಹಮದಾಬಾದಿನ ಪಾಠ

ಈ ಲೆಕ್ಕದ ಮಾತು ಬಹು ಮುಖ್ಯವಾದುದು. ಗುಜರಾತಿನ ಅಹಮದಾಬಾದ್ ನಗರದಲ್ಲಿ 2010ರ ಮೇ ತಿಂಗಳಿನಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆಗ ಅದನ್ನು ಒಂದು ಕಠಿಣ ಬೇಸಿಗೆಯೆಂದಷ್ಟೇ ಜನ ತಿಳಿದರು. ಅನಂತರ ಸಂಶೋಧಕರು ನಗರದ ಮರಣದ ದಾಖಲೆಗಳನ್ನು ತೆಗೆದು, ಹಿಂದು ಮುಂದಿನ ವರ್ಷಗಳ ಮೇ ತಿಂಗಳುಗಳೊಂದಿಗೆ ಹೋಲಿಸಿ ನೋಡಿದಾಗ, ಆ ಒಂದೇ ತಿಂಗಳಿನಲ್ಲಿ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದ್ದವೆಂದು ತಿಳಿದುಬಂತು. ಸಾಮಾನ್ಯವಾಗಿ ನೂರು ಜನ ತೀರಿಕೊಳ್ಳುವ ಕಡೆ ನೂರ ನಲವತ್ತಕ್ಕಿಂತ ಹೆಚ್ಚು ಜನ! ಬಿಸಿಲಿಗೆ ಬಲಿಯಾದವನ ಮರಣಪತ್ರದಲ್ಲಿ ಹೃದಯಾಘಾತವೆಂದೋ ಮೂತ್ರಪಿಂಡದ ವೈಫಲ್ಯವೆಂದೋ ಬರೆಯಲಾಗುತ್ತದೆಯೇ ಹೊರತು ಬಿಸಿಲಿನ ಹೆಸರು ಅಪರೂಪವಾಗಿ ಬರುತ್ತದೆ. ಆದ್ದರಿಂದಲೇ ಈ ಮೃತ್ಯು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ.

ಅಹಮದಾಬಾದಿನ ಮಹಾನಗರಪಾಲಿಕೆ ಈ ಆಘಾತದಿಂದ ಪಾಠ ಕಲಿಯಿತು. ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ನೆರವಿನಿಂದ 2013ರಲ್ಲಿ ಒಂದು ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಬಿಸಿಲಿನಿಂದ ನಗರವನ್ನು ರಕ್ಷಿಸಲು ರೂಪಿಸಿದ ಮೊದಲ ಯೋಜನೆ ಅದು. ಅದರಲ್ಲಿ ಇದ್ದುದು ಏನು? ಕೋಟಿಗಟ್ಟಲೆ ರೂಪಾಯಿಯ ಯಂತ್ರಗಳಲ್ಲ. ಮುಂದಿನ ದಿನಗಳ ಉಷ್ಣಾಂಶವನ್ನು ಮೊದಲೇ ತಿಳಿದು ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಿಂದ ಎಚ್ಚರಿಕೆ ನೀಡುವುದು. ಪತ್ರಿಕೆ, ರೇಡಿಯೊ, ದೂರವಾಣಿ ಸಂದೇಶಗಳಿಂದ ಜನರಿಗೆ ತಿಳಿಸುವುದು. ಉಷ್ಣಾಘಾತವನ್ನು ಗುರುತಿಸಿ ಉಪಚರಿಸಲು ವೈದ್ಯರಿಗೂ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ತರಬೇತಿ ಕೊಡುವುದು. ಕುಡಿಯುವ ನೀರಿನ ಕೇಂದ್ರಗಳನ್ನು ಹೆಚ್ಚಿಸುವುದು. ಉದ್ಯಾನಗಳನ್ನು ಮಧ್ಯಾಹ್ನವೂ ತೆರೆದಿಡುವುದು. ಇಷ್ಟೇ!

ಇನ್ನೊಂದು ಉದಾಹರಣೆ ತಾಯಂದಿರ ಮನಸ್ಸಿಗೆ ತಟ್ಟುವಂಥದು. ಅದೇ ನಗರದ ಒಂದು ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಕಟ್ಟಡದ ಮೇಲಿನ ಅಂತಸ್ತಿನಲ್ಲಿ, ಕಾದ ಛಾವಣಿಯ ನೇರ ಕೆಳಗೆ ಇತ್ತು. 2010ರ ಬೇಸಿಗೆಯಲ್ಲಿ ಅಲ್ಲಿನ ನವಜಾತ ಶಿಶುಗಳು ಬಿಸಿಯಿಂದ ಬಳಲಿ ತೀವ್ರ ನಿಗಾ ಘಟಕ ಸೇರುವುದು ಹೆಚ್ಚಾಯಿತು. ಕಾರಣವನ್ನು ಅರಿತ ವೈದ್ಯರು ವಾರ್ಡನ್ನು ಕೆಳಗಿನ ಅಂತಸ್ತಿಗೆ ಸಾಗಿಸಿದರು. ಮುಂದಿನ ಬೇಸಿಗೆಗಳಲ್ಲಿ ಹಾಗೆ ಬಳಲುವ ಕೂಸುಗಳ ಸಂಖ್ಯೆ ತಗ್ಗಿತು. ಹೊಸ ಔಷಧಿಯಲ್ಲ, ಹೊಸ ಕಟ್ಟಡವಲ್ಲ; ಮಂಚಗಳ ಜಾಗ ಬದಲಾಯಿತು, ಅಷ್ಟೆ.

ಈ ಯೋಜನೆಯ ಫಲವೇನು? 2014 ಮತ್ತು 2015ರಲ್ಲಿ ವರ್ಷಕ್ಕೆ ಸರಾಸರಿ 1,190ರಷ್ಟು ಸಾವುಗಳು ತಪ್ಪಿವೆಯೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅಂದಾಜು ಅಂದಾಜೇ ಇರಬಹುದು. ಆದರೆ ದಾರಿ ಸರಿಯಾದುದೆಂಬುದರಲ್ಲಿ ಸಂದೇಹವಿಲ್ಲ. ಒಡಿಶಾ ರಾಜ್ಯದಲ್ಲಿ 1998ರ ಬೇಸಿಗೆಯು ಸರ್ಕಾರಿ ಲೆಕ್ಕದ ಪ್ರಕಾರವೇ 2,042 ಜನರನ್ನು ಬಲಿ ತೆಗೆದುಕೊಂಡಿತ್ತು. ಆಮೇಲೆ ಆ ರಾಜ್ಯವೂ ಪ್ರತಿ ಬೇಸಿಗೆಗೆ ಮುನ್ನ ಸಿದ್ಧತೆ ಮಾಡಿಕೊಳ್ಳುವ ಕ್ರಮವನ್ನು ರೂಢಿಸಿಕೊಂಡಿತು. ಬಿಸಿಲನ್ನು ನಾವು ತಡೆಯಲಾರೆವು, ಬಿಸಿಲಿನ ಸಾವನ್ನು ತಡೆಯಬಲ್ಲೆವು ಎಂಬುದೇ ಈ ಎರಡು ನಿದರ್ಶನಗಳ ಸಾರ.

ಕಛೇರಿಗೊಂದು ವೇಳೆ, ಕೂಲಿಗೊಂದು ವೇಳೆಯೇ?

ನಮ್ಮ ರಾಜ್ಯದಲ್ಲಿಯೂ ಈ ತಿಳಿವಳಿಕೆ ಇಲ್ಲದೆ ಇಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಛೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುವ ಪದ್ಧತಿ ಬಹುಕಾಲದಿಂದ ಇದೆ. ಇದು ವಿವೇಕದ ಕ್ರಮ. ಆದರೆ ಪಂಖದ ಕೆಳಗೆ ಕುಳಿತು ಕಡತ ನೋಡುವವರಿಗೆ ದೊರೆತ ಈ ಅನುಕೂಲ, ನೆತ್ತಿಯ ಮೇಲೆ ಇಟ್ಟಿಗೆ ಹೊರುವ ತಾಯಿಗೆ ದೊರೆತಿದೆಯೇ? ನಮ್ಮ ಮನೆ ಕಟ್ಟುವ ಗೌಂಡಿಗೆ, ನಮ್ಮ ಹೊಲದಲ್ಲಿ ಕಳೆ ಕೀಳುವ ಆಳಿಗೆ, ನಮ್ಮ ಮದುವೆಗೆ ಅಡುಗೆ ಮಾಡುವವರಿಗೆ ವೇಳೆಯನ್ನು ಗೊತ್ತುಮಾಡುವವರು ಸರ್ಕಾರದವರಲ್ಲ, ನಾವು.

ಕಾಯಕದ ಹಿರಿಮೆಯನ್ನು ಸಾರುವ ಪರಂಪರೆ ನಮ್ಮದು. ಕಾಯಕ ಮಾಡುವ ಕಾಯವನ್ನು ಕಾಯುವುದು ಆ ಹಿರಿಮೆಯ ಒಂದು ಭಾಗವೆಂದು ನಾವು ಬಗೆಯಬೇಡವೇ? ದಾಸೋಹವೆಂದರೆ ಉಣ್ಣುವವರ ತೃಪ್ತಿಯಷ್ಟೇ ಅಲ್ಲ. ಅಟ್ಟವರ ಕ್ಷೇಮವೂ ಅದರಲ್ಲಿ ಅಡಗಿದೆ. ಬೇಸಿಗೆಯ ಎರಡು ತಿಂಗಳು ಆಳುಗಳನ್ನು ಬೆಳಿಗ್ಗೆ ಆರಕ್ಕೆ ಕರೆದು, ಹನ್ನೊಂದೂವರೆಗೆ ಬಿಟ್ಟು, ಸಂಜೆ ನಾಲ್ಕರ ಮೇಲೆ ಮತ್ತೆ ಕರೆಯುವುದರಿಂದ ನಮಗೆ ಆಗುವ ನಷ್ಟ ಏನೂ ಇಲ್ಲ. ಬಿಟ್ಟ ವೇಳೆಯ ಕೂಲಿ ಮುರಿಯದಿರುವುದು ಮಾತ್ರ ಅಗತ್ಯ. ಮುರಿದರೆ ಬಡವನು ಬಿಸಿಲನ್ನೇ ಆರಿಸಿಕೊಳ್ಳುತ್ತಾನೆ.

ನಮ್ಮ ಸಮಾರಂಭಗಳು

ಇನ್ನು ಸಭೆ ಸಮಾರಂಭಗಳ ವಿಚಾರ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಮಹಾರಾಷ್ಟ್ರ ಸರ್ಕಾರದ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಲಕ್ಷಾಂತರ ಭಕ್ತರು ಸೇರಿ ಬಯಲಿನಲ್ಲಿ ಗಂಟೆಗಟ್ಟಲೆ ಕುಳಿತಿದ್ದರು. ಅವರಲ್ಲಿ ಹದಿನಾಲ್ಕು ಮಂದಿ ಬಿಸಿಲಿನ ಹೊಡೆತಕ್ಕೆ ಪ್ರಾಣ ಕಳೆದುಕೊಂಡರು. ಅಂದಿನ ಉಷ್ಣಾಂಶ 45 ಡಿಗ್ರಿಯೇನೂ ಇರಲಿಲ್ಲ, 38ರ ಆಸುಪಾಸಿನಲ್ಲಿತ್ತು. ಕರಾವಳಿಯ ತೇವ, ನೆತ್ತಿಯ ಬಿಸಿಲು, ಎದ್ದುಹೋಗಲು ಸಂಕೋಚ, ಇವು ಕೂಡಿದರೆ 38 ಡಿಗ್ರಿಯೂ ಸಾಕೆಂಬುದನ್ನು ಆ ದಿನ ತೋರಿಸಿಕೊಟ್ಟಿತು. ಭಕ್ತಿಯಿಂದ ಕುಳಿತವರು ಎದ್ದುಹೋಗುವುದಿಲ್ಲ; ಆದ್ದರಿಂದ ಕೂರಿಸುವವರ ಹೊಣೆ ಇನ್ನೂ ಹೆಚ್ಚು.

ನಮ್ಮ ಜಾತ್ರೆಗಳು, ಬಸವ ಜಯಂತಿಯ ಮೆರವಣಿಗೆಗಳು, ಸಾಮೂಹಿಕ ವಿವಾಹಗಳು ಬಹುಪಾಲು ಇದೇ ಋತುವಿನಲ್ಲಿ ಬರುತ್ತವೆ. ದಿನವನ್ನು ಬದಲಿಸಲಾಗದು, ವೇಳೆಯನ್ನು ಬದಲಿಸಬಹುದಲ್ಲವೇ? ಮೆರವಣಿಗೆ ಬೆಳಿಗ್ಗೆ ಏಳಕ್ಕೆ ಹೊರಟು ಒಂಬತ್ತೂವರೆಗೆ ಮುಗಿಯಲಿ, ಇಲ್ಲವೇ ಸಂಜೆ ಐದರ ಮೇಲೆ ಹೊರಡಲಿ. ಅಕ್ಷತೆ ಬೆಳಗಿನ ಒಂಬತ್ತಕ್ಕೆ ಆಗಲಿ, ಅಥವಾ ಗೋಧೂಳಿಯ ವೇಳೆಗೆ ಆಗಲಿ. "ಮುಹೂರ್ತ ಇರುವುದೇ ಹನ್ನೆರಡೂವರೆಗೆ" ಎಂದು ಹೇಳುವವರಿಗೆ ವಿನಯದಿಂದ ನೆನಪಿಸಬಯಸುತ್ತೇನೆ: ಹೊತ್ತು ಗಳಿಗೆಗಳ ಭಯವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ದೂರಮಾಡಿದ್ದಾರೆ. ಒಬ್ಬರ ಪ್ರಾಣಕ್ಕೆ ಕುತ್ತು ತರುವ ಗಳಿಗೆ ಶುಭ ಗಳಿಗೆ ಹೇಗಾದೀತು?

ಸಮಾರಂಭ ನಡೆಸುವವರು ಈ ಕೆಲವು ಸಂಗತಿಗಳನ್ನು ಗಮನಿಸಬೇಕೆಂದು ಪ್ರಾರ್ಥನೆ. ನೆರಳಿಲ್ಲದ ಕಡೆ ಜನರನ್ನು ಕೂರಿಸಬಾರದು. ನೀರು ವೇದಿಕೆಯ ಮೇಲೆ ಮಾತ್ರವಲ್ಲ, ಕಟ್ಟಕಡೆಯ ಸಾಲಿಗೂ ತಲಪಬೇಕು. ಅಡುಗೆಯ ಚಪ್ಪರ ಎತ್ತರವಾಗಿರಬೇಕು, ಗಾಳಿ ಆಡುವಂತಿರಬೇಕು. ಒಲೆಯ ಮುಂದೆ ನಿಲ್ಲುವವರು ಗಂಟೆಗೊಮ್ಮೆ ಸರದಿಯ ಮೇಲೆ ನೆರಳಿಗೆ ಬರಬೇಕು. ಅವರಿಗೆ ಮಜ್ಜಿಗೆ, ನೀರು ಒಯ್ದು ಕೊಡುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಬೇಕು. ಹೆಸರು ಹಿಡಿಯದ ಹೊಣೆ ಯಾರ ಹೊಣೆಯೂ ಅಲ್ಲ.

ಮನೆಯಲ್ಲಿ ಮಾಡಬಹುದಾದುದು

ತಗಡಿನ ಅಥವಾ ಸಿಮೆಂಟಿನ ಛಾವಣಿಯ ಮನೆಯವರು ಬೇಸಿಗೆಗೆ ಮುನ್ನ ಮೇಲ್ಭಾಗಕ್ಕೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. ಅಹಮದಾಬಾದಿನ ಬಡಾವಣೆಗಳಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ಎಂಬ ಸಂಸ್ಥೆ ಬಡ ಕುಟುಂಬಗಳ ತಾಯಂದಿರನ್ನು ಸೇರಿಸಿಕೊಂಡು ಇದನ್ನು ಮಾಡಿತೋರಿಸಿದೆ. ಇಂಥ ಛಾವಣಿಯ ಕೆಳಗೆ ಎರಡರಿಂದ ಐದು ಡಿಗ್ರಿಯವರೆಗೂ ತಂಪು ದೊರೆಯಬಹುದು. ಹಗಲು ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆದು, ರಾತ್ರಿ ತೆರೆದಿಡಬೇಕು. ಪಂಖದ ಮೇಲೆ ಪೂರ್ಣ ಭರವಸೆ ಬೇಡ. ಕೋಣೆಯ ಉಷ್ಣಾಂಶ 40ನ್ನು ಮೀರಿದಾಗ ಪಂಖವು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಆಗ ಮೈಗೆ ಒದ್ದೆ ಬಟ್ಟೆಯೇ ಶ್ರೇಷ್ಠ.

ಬಾಯಾರಿಕೆಗಾಗಿ ಕಾಯದೆ ಆಗಾಗ ನೀರು ಕುಡಿಯಬೇಕು. ಮಜ್ಜಿಗೆ, ಅಂಬಲಿ, ಪಾನಕ, ಎಳನೀರು ಒಳ್ಳೆಯವು. ಹೆಚ್ಚು ಬೆವರಿ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕೊಡಬಹುದು. ಹೃದಯದ, ಮೂತ್ರಪಿಂಡದ ಕಾಯಿಲೆಯವರು, ಸಕ್ಕರೆ ಕಾಯಿಲೆಯವರು ತಮಗೆ ಎಷ್ಟು ನೀರು, ಯಾವ ಪಾನೀಯ ಯೋಗ್ಯವೆಂಬುದನ್ನು ವೈದ್ಯರಿಂದ ಬೇಸಿಗೆಗೆ ಮುನ್ನವೇ ಕೇಳಿಕೊಳ್ಳಲಿ. ಒಂಟಿಯಾಗಿರುವ ವೃದ್ಧರು ನಿಮ್ಮ ಓಣಿಯಲ್ಲಿದ್ದರೆ ದಿನಕ್ಕೆ ಎರಡು ಬಾರಿ ಹೋಗಿ ಮಾತನಾಡಿಸಿರಿ. ಆ ಎರಡು ಮಾತು ಔಷಧಿಗಿಂತ ಹೆಚ್ಚಿನದು.

ಬೇಸಿಗೆಯಲ್ಲಿ ನೀರಿನ ಅಭಾವದಿಂದ ನಾವು ಡ್ರಮ್ಮು, ತೊಟ್ಟಿ, ಕೊಡಗಳಲ್ಲಿ ನೀರು ತುಂಬಿಡುತ್ತೇವೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ. ಬಿಸಿ ಹೆಚ್ಚಿದಷ್ಟೂ, ಒಂದು ಮಿತಿಯವರೆಗೆ, ಆ ಸೊಳ್ಳೆ ಬೇಗ ಬೆಳೆಯುತ್ತದೆ. ಅದರೊಳಗಿನ ವೈರಾಣುವೂ ಬೇಗ ಬಲಿಯುತ್ತದೆ. 2024ರಲ್ಲಿ ಡೆಂಗಿ ಪಿಡುಗು ಉಲ್ಬಣಿಸಿ, ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಆದ್ದರಿಂದ ತುಂಬಿದ ಪಾತ್ರೆಗಳಿಗೆ ಬಿಗಿಯಾದ ಮುಚ್ಚಳ ಅಥವಾ ಬಟ್ಟೆ ಕಟ್ಟಿರಿ. ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ ಮತ್ತೆ ತುಂಬಿರಿ. ಗೋಡೆಗಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆಯಾದ್ದರಿಂದ ತಿಕ್ಕುವುದು ಅಗತ್ಯ.

ಯಾರಾದರೂ ಕುಸಿದಾಗ

ಈ ಭಾಗವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ಸಂತೋಷವೇ. ತಲೆಸುತ್ತು, ವಾಕರಿಕೆ, ಕಾಲು ಸೆಳೆತ, ವಿಪರೀತ ಬೆವರು ಕಂಡರೆ ನೆರಳಿಗೆ ಕರೆತಂದು, ಮಲಗಿಸಿ, ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕೊಡಿರಿ. ಮೈ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ, ಗುರುತು ತಪ್ಪಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ಹೋದರೆ ಅದು ಉಷ್ಣಾಘಾತ. ಒಬ್ಬರು ಕೂಡಲೇ 108ಕ್ಕೆ ಕರೆ ಮಾಡಲಿ. ಉಳಿದವರು ವಾಹನಕ್ಕಾಗಿ ಕಾಯದೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು, ಗಾಳಿ ಬೀಸಬೇಕು. ಮಂಜುಗಡ್ಡೆ ದೊರೆತರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಯ ಸಂದಿಗಳಲ್ಲಿ ಇಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಉಸಿರಿನ ನಾಳಕ್ಕೆ ಹೋಗಿ ಅನಾಹುತವಾದೀತು. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ. ಮೊದಲು ತಂಪು, ಆಮೇಲೆ ಪ್ರಯಾಣ, ಪ್ರಯಾಣದಲ್ಲಿಯೂ ತಂಪು.

ಕೊನೆಯ ಮಾತು

ಜಗತ್ತಿನ ಹವೆ ಕೆಟ್ಟಿರುವುದಕ್ಕೆ ದೊಡ್ಡ ದೊಡ್ಡ ರಾಷ್ಟ್ರಗಳು, ಕೈಗಾರಿಕೆಗಳು ಕಾರಣ. ಅದನ್ನು ಸರಿಪಡಿಸುವ ಹೊಣೆಯೂ ಬಹುಮಟ್ಟಿಗೆ ಅವರದೇ. ನಾವು ಒಂದು ಮರ ನೆಟ್ಟು, ಒಂದು ದೀಪ ಆರಿಸಿದ ಮಾತ್ರಕ್ಕೆ ಬರುವ ವೈಶಾಖ ತಂಪಾಗಿಬಿಡುವುದಿಲ್ಲ. ಹಾಗೆಂದು ಹೇಳಿ ಓದುಗರನ್ನು ಮರುಳುಮಾಡಲು ನನಗೆ ಇಷ್ಟವಿಲ್ಲ. ಮರವನ್ನು ನೆಡೋಣ, ಅದರ ನೆರಳು ನಮ್ಮ ಮೊಮ್ಮಕ್ಕಳಿಗೆ ದೊರೆಯಲಿ. ಆದರೆ ಈ ವರ್ಷದ ಬಿಸಿಲಿನಲ್ಲಿ ನಮ್ಮ ಚಪ್ಪರದ ಕೆಳಗೆ ನಿಲ್ಲುವವರ ಪ್ರಾಣ ಮಾತ್ರ ಇಂದು ನಮ್ಮ ಕೈಯಲ್ಲಿಯೇ ಇದೆ.

ನಮ್ಮ ಊರಿನ ಸಮಾಜದ ಸಭೆಯಲ್ಲಿ ಈ ವಿಷಯವನ್ನು ಇಟ್ಟಾಗ ಮೊದಲು ಒಂದಿಬ್ಬರು ಹಿರಿಯರು ಒಪ್ಪಲಿಲ್ಲ. "ಬೆಳಗಿನ ಒಂಬತ್ತಕ್ಕೆ ಬೀಗರು ಬರುವುದು ಹೇಗೆ?" ಎಂಬುದು ಅವರ ಪ್ರಶ್ನೆಯಾಗಿತ್ತು. ಆಗ ಆ ನಿವೃತ್ತ ತಾಯಿ ಎದ್ದುನಿಂತು, "ಬೀಗರು ಹಿಂದಿನ ರಾತ್ರಿ ಬರಲಿ ರೀ, ಹೋದ ಜೀವ ಯಾವ ರಾತ್ರಿಗೂ ಬರೂದಿಲ್ಲ" ಎಂದರು. ಸಭೆ ಮೌನವಾಯಿತು. ಈಗ ನಮ್ಮಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಸಮಾಜದ ಮಂಟಪದಲ್ಲಿ ಮಧ್ಯಾಹ್ನದ ಅಕ್ಷತೆ ಇಲ್ಲ. ಹಿಂಭಾಗದ ತಗಡಿನ ಚಪ್ಪರ ತೆಗೆದು ಎತ್ತರದ ಚಪ್ಪರ ಹಾಕಿಸಿದ್ದಾರೆ. ಅದರ ಪಕ್ಕದಲ್ಲಿ, ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಎರಡು ಮಣ್ಣಿನ ಗಡಿಗೆಗಳಿವೆ. ನಮ್ಮ ಅಡುಗೆಯ ಅಣ್ಣಾರು ಈಗಲೂ ಅಲ್ಲಿಯೇ ಅಡುಗೆ ಮಾಡುತ್ತಾರೆ. ಗಂಟೆಗೊಮ್ಮೆ ಅವರಿಗೆ ನೀರು ಒಯ್ದು ಕೊಡುವ ಹೊಣೆ ಮದುವೆ ಮನೆಯ ಯಜಮಾನರದು. ಯಜಮಾನರು ಮರೆತರೆ ಪಂಕ್ತಿ ಕೂರುವುದಿಲ್ಲ.

ನಿಮ್ಮ ಊರಿನಲ್ಲಿ ಯಾವ ಕ್ರಮ ಕೈಗೊಂಡಿರೆಂಬುದನ್ನು ಪತ್ರ ಬರೆದು ತಿಳಿಸಿರಿ. ಮುಂದಿನ ಸಂಚಿಕೆಗಳಲ್ಲಿ ಹಂಚಿಕೊಳ್ಳೋಣ.